ವೆಲ್ಮಾಳ ಎಡಗಣ್ಣು

ಲೂನೆನ್‌ಬರ್ಗ್ ಬಂದರಿನ ದೋಣಿಗಳ ಹಿಂಬದಿಯಲ್ಲಿರುವ ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವೆಲ್ಮಾ ಐಸೆನಾವರ್ ಬರೆದವು. ನಲವತ್ತೊಂದು ವರ್ಷಗಳಿಂದ ಅವಳದು ಅದೇ ಕಸುಬು. ಯಂತ್ರದಲ್ಲಿ ಕತ್ತರಿಸಿದ ಅಕ್ಷರಗಳನ್ನು ಅಂಟಿಸುವ ಕಾಲ ಬಂದ ಮೇಲೂ ಹಳೆಯ ಮೀನುಗಾರರು ಅವಳ ಕುಂಚವನ್ನೇ ಹುಡುಕಿಕೊಂಡು ಬರುತ್ತಿದ್ದರು. ಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಎಳೆದು ಮೀಟಿದರೆ ಹಲಗೆಯ ಮೇಲೆ ಗೆರೆ ಮೂಡುತ್ತಿತ್ತು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಅದನ್ನು ಉದ್ದಕ್ಕೂ ನೋಡುವಳು. ಎಡಗಣ್ಣು ಸರಿ ಎಂದರೆ ಸರಿ.

ಅರವತ್ತಮೂರನೆಯ ವಯಸ್ಸಿನಲ್ಲಿ, ಒಂದು ಮಾರ್ಚ್ ಬೆಳಿಗ್ಗೆ, ಆ ಕಣ್ಣಿನೊಳಗೆ ಮಿಂಚು ಹೊಡೆಯಿತು. ಮಸಿಯ ಚೂರುಗಳಂಥವು ತೇಲಾಡಿದವು. ಮಧ್ಯಾಹ್ನದ ಹೊತ್ತಿಗೆ ಮೂಗಿನ ಕಡೆಯಿಂದ ಕಪ್ಪು ತೆರೆಯೊಂದು ಸರಿದು ಬಂತು. ತಂಗಿ ಆರ್ಡಿತ್ ಅವಳನ್ನು ಕಾರಿನಲ್ಲಿ ಹ್ಯಾಲಿಫ್ಯಾಕ್ಸ್‌ನ ಆಸ್ಪತ್ರೆಗೆ ಕರೆದೊಯ್ದಳು. ಕಣ್ಣಿನ ಹಿಂಬದಿಯ ತೆಳು ಪದರವಾದ ಅಕ್ಷಿಪಟ ಹರಿದು ಕಳಚಿಕೊಂಡಿತ್ತು. ಮರುದಿನವೇ ಶಸ್ತ್ರಚಿಕಿತ್ಸೆಯಾಯಿತು. ಪಟವನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿ, ವಾರವಿಡೀ ಮುಖ ಕೆಳಗೆ ಮಾಡಿಕೊಂಡೇ ಇರಬೇಕೆಂದು ಹೇಳಿ ಕಳುಹಿಸಿದರು.

"ಹುಟ್ಟಿದಾಗಿಂದ ಯಾರ ಮುಂದೂ ತಲೆ ತಗ್ಗಿಸಿದವಳಲ್ಲ ನೀನು," ಎಂದಳು ಆರ್ಡಿತ್, ಮೀನಿನ ಸಾರಿನ ಬಟ್ಟಲಿಗೆ ಹೀರುವ ಕೊಳವೆ ಸಿಕ್ಕಿಸುತ್ತ. "ಈಗ ನೋಡು, ನನ್ನ ಚಪ್ಪಲಿಗೆ ನಮಸ್ಕಾರ ಮಾಡ್ತಾ ಕೂತಿದೀಯ."

"ಚಪ್ಪಲಿ ತೊಳೆಯೇ ಮೊದಲು. ಹತ್ತಿರದಿಂದ ನೋಡ್ತಾ ಇದೀನಿ."

ಗುಳ್ಳೆ ಕರಗಿತು, ದೃಷ್ಟಿ ಮರಳಿತು, ಬೇಸಿಗೆ ಚೆನ್ನಾಗಿಯೇ ಕಳೆಯಿತು. ಆಗಸ್ಟ್‌ನಲ್ಲಿ ಬಾಗಿಲಿನ ಚೌಕಟ್ಟು ಸೊಂಟ ಮುರಿದಂತೆ ಕಂಡಿತು. ಮನೆ ಹಳೆಯದು, ಕುಸಿದಿರಬೇಕು ಎಂದುಕೊಂಡು ಅವಳು ಸುಮ್ಮನಾದಳು.

ಅಕ್ಟೋಬರಿನಲ್ಲಿ ಗಾರ್ನೆಟ್ ನಿಕಲ್ ತನ್ನ ಹೊಸ ದೋಣಿಗೆ ತಾಯಿಯ ಹೆಸರು ಬರೆಸಲು ಬಂದ: 'ಲೇಡಿ ಮೆರೆಡಿತ್'. ವೆಲ್ಮಾ ದಾರ ಮೀಟಿದಳು. ಗೆರೆ ಡೊಂಕಾಗಿ ಕಂಡಿತು. ಒರೆಸಿ ಮತ್ತೆ ಮೀಟಿದಳು, ಮತ್ತೆ ಡೊಂಕು. ದಾರವೇ ಸಡಿಲವಾಗಿದೆ ಎಂದು ಬೈದು, ಗೆರೆಯನ್ನು ಬಿಟ್ಟು ಕಣ್ಣಳತೆಯಲ್ಲೇ ಬರೆದು ಮುಗಿಸಿದಳು. ಚಹಾ ತಂದ ಆರ್ಡಿತ್ ಅಲ್ಲೇ ನಿಂತುಬಿಟ್ಟಳು.

"ಏನೇ ಇದು? ಅಕ್ಷರಗಳೆಲ್ಲ ಗುಡ್ಡ ಹತ್ತಿ ಇಳೀತಾ ಇವೆಯಲ್ಲ!"

ವೆಲ್ಮಾ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದಳು. ನೋಡಿ, ತಲೆಕೆಳಗಾದ ಬಕೆಟ್ಟಿನ ಮೇಲೆ ಕುಸಿದಳು. ಆದರೆ ಗಾರ್ನೆಟ್‌ಗೆ ಯಾರಾದರೂ ಹೇಳುವ ಮೊದಲೇ ತಾನೇ ಹೋಗಿ, ಅಕ್ಷರ ಡೊಂಕಾದದ್ದನ್ನೂ ಎಡಗಣ್ಣು ಮೋಸ ಮಾಡಿದ್ದನ್ನೂ ಹೇಳಿದಳು.

ಅವನು ಟೋಪಿ ಹಿಂದಕ್ಕೆ ತಳ್ಳಿ ನಕ್ಕ. "ನಾನು ಹಿಡಿಯೋ ಲಾಬ್‌ಸ್ಟರ್ ಸಿಗಡಿಗಳಿಗೆ ಓದೋಕೆ ಬರಲ್ಲ ಬಿಡಿ. ಈ ಸಲದ ಬೇಟೆ ಹೀಗೇ ಮುಗಿಸ್ತೀನಿ. ನೀವು ಮೊದಲು ಡಾಕ್ಟ್ರನ್ನ ನೋಡಿ."

ಹ್ಯಾಲಿಫ್ಯಾಕ್ಸ್‌ನ ಕಣ್ಣಿನ ಡಾಕ್ಟರ್ ತೆರಿಯೋ ಅಕ್ಷಿಪಟದ ಅಡ್ಡಕೊಯ್ತದ ಚಿತ್ರ ತೋರಿಸಿದರು. ನುಣುಪಾಗಿರಬೇಕಾದ ಪದರ ಅಲೆ ಅಲೆಯಾಗಿತ್ತು. ಅದರ ಮೇಲೊಂದು ತೆಳ್ಳನೆಯ ಬಿಳಿ ಗೀರು.

"ಕಳಚಿದ್ದು ಸರಿಯಾಗೇ ಅಂಟಿಕೊಂಡಿದೆ," ಎಂದರು. "ಆದರೆ ಹರಿದ ಜಾಗದಿಂದ ಚೆದುರಿದ ಜೀವಕೋಶಗಳು ಅದರ ಮೇಲೆ ಕೂತು ಬೆಳೆದಿವೆ. ಗಾಯ ಮಾಯುವಾಗ ಕಲೆ ಆಗುತ್ತಲ್ಲ, ಹಾಗೆ. ಆ ಪೊರೆ ಕುಗ್ಗುತ್ತಾ ಕೆಳಗಿನ ಪದರವನ್ನ ಸೆಳೆದು ಸುಕ್ಕು ಮಾಡಿದೆ."

ವೆಲ್ಮಾಳ ಮುಖ ಅರಳಿತು. "ಹಸಿ ಬಣ್ಣದ ಮೇಲೆ ವಾರ್ನಿಶ್ ಬಳಿದರೆ ಹೀಗೇ ಆಗೋದು ಡಾಕ್ಟ್ರೇ! ಮೇಲಿಂದು ಬಿಗೀತದೆ, ಕೆಳಗಿಂದು ಮುದುಡ್ತದೆ. ಕೆರೆದು ತೆಗೀತೀರಾ?"

"ಚಿಮುಟದಲ್ಲಿ ಸುಲಿದು ತೆಗೀತೀವಿ. ಕಾಣೋಕೆ ಅಂತ ನೀಲಿ ಬಣ್ಣ ಹಾಕ್ಕೊಂಡು. ಆದರೆ ಎಲ್ಲಾ ಗೆರೆಯೂ ನೇರ ಆಗುತ್ತೆ ಅಂತ ಮಾತು ಕೊಡಲ್ಲ."

"ಕೈ ಕೆಟ್ಟಿಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು," ಎಂದಳು. ಮನೆಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ಆರ್ಡಿತ್‌ಗೆ ವಾರ್ನಿಶ್ ಪಾಠ ಮಾಡಿದಳು.

ಜನವರಿಯಲ್ಲಿ ಪೊರೆ ಸುಲಿದರು. ಗೆರೆಗಳು ತಿಂಗಳಿಗಿಷ್ಟು ನೇರವಾಗುತ್ತ ಬಂದವು. ಓದುವಾಗ ಸಾಲಿನ ನಡುವೆ ಸಣ್ಣದೊಂದು ನಡುಕ ಮಾತ್ರ ಉಳಿಯಿತು, ಅದು ಹೋಗಲೇ ಇಲ್ಲ. ಅಡುಗೆಮನೆಯ ಗೋಡೆಯ ಮೇಲೆ ದಿನಾ ದಾರ ಮೀಟಿ ಮೀಟಿ, ಬಲಗಣ್ಣಿಗೆ ಗೆರೆ ನೋಡುವುದನ್ನು ಹೊಸದಾಗಿ ಕಲಿಸಿದಳು.

ಜೂನ್‌ನಲ್ಲಿ ಲಾಬ್‌ಸ್ಟರ್ ಬೇಟೆಯ ಕಾಲ ಮುಗಿದು ಗಾರ್ನೆಟ್‌ನ ದೋಣಿ ದಡಕ್ಕೆ ಬಂತು. ಹಳೆಯ ಅಕ್ಷರಗಳನ್ನು ಕೆರೆದು ವೆಲ್ಮಾ ಹೊಸದಾಗಿ ಬರೆದಳು. ಅವನ ತಾಯಿ, ಎಂಬತ್ತೆಂಟು ವರ್ಷದ ಮೆರೆಡಿತ್, ಮಡಚುವ ಕುರ್ಚಿಯಲ್ಲಿ ಕುಳಿತು ಇಡೀ ಬೆಳಿಗ್ಗೆ ನೋಡಿದಳು.

"ಹಳೇದೇ ಚೆನ್ನಾಗಿತ್ತು ಕಣೇ," ಎಂದಳು ಕೊನೆಗೆ. "ನಾನು ನಡೆಯೋ ಹಾಗೇ ಇತ್ತು."

"ಹಾಗಾದ್ರೆ ಇನ್ನು ಮೇಲೆ ನೆಟ್ಟಗೆ ನಡೀರಿ," ಎಂದು ವೆಲ್ಮಾ ನಕ್ಕಳು. ಹೆಸರಿನ ಕೆಳಗೆ ಊರಿನ ಹೆಸರು ಬರೆಯುವುದು ಇನ್ನೂ ಬಾಕಿಯಿತ್ತು. ಬಿಸಿಲು ಹದವಾಗಿತ್ತು, ಗಾಳಿ ಇರಲಿಲ್ಲ. ಅವಳು ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆರೆದಳು.