ಬಾಯಿಗೆ ಕೌದಿ ತುರುಕಿಸಿಕೊಂಡ ಹೂಟರ್

ಮದುವೆಯಾಗಿ ಚಿಕ್ಕೋಡಿಗೆ ಬಂದ ಮೇಲೂ, ಮಗಳು ಹುಟ್ಟುವವರೆಗೆ, ನಾನು ಇನ್‌ಸ್ಟ್ರುಮೆಂಟ್ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಸಕ್ಕರೆ ಕಾರ್ಖಾನೆ, ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್, ಹಾಲಿನ ಕೇಂದ್ರ, ಹೀಗೆ ಉಷ್ಣತೆ, ಒತ್ತಡ ಅಳೆಯುವ ಸಾಧನ ಎಲ್ಲಿದ್ದರೂ ಅದರ ಮೋಡ್, ಅಲಾರಂ ಹೊಂದಿಸಿಕೊಡುವುದು ನನ್ನ ಕೆಲಸ. ಈಗ ಮನೆಯೇ ನನ್ನ ಕೆಲಸ. ಆದರೂ ಐಗಳಿ ಕಡೆಯ ಒಂದು ಹಳ್ಳಿ ನೆನಪಿನಿಂದ ಹೋಗಿಲ್ಲ.

ಅಲ್ಲಿ ಊರಿನ ಹಾಲನ್ನೆಲ್ಲ ನಾಲ್ಕು ಡಿಗ್ರಿಗೆ ತಣಿಸಿಡುವ ದೊಡ್ಡ ಸ್ಟೀಲ್ ಟ್ಯಾಂಕ್ ಇತ್ತು. ನೋಡಿಕೊಳ್ಳುವವಳು ರೆಹಾನಾ. ಒಂದು ಸಂಜೆ ಹಾಲು ತಣಿಸುವ ಕಂಪ್ರೆಸರ್ ನಿಂತಿದ್ದು ಯಾರಿಗೂ ಗೊತ್ತಾಗದೆ, ಬೆಳಿಗ್ಗೆ ಅಷ್ಟೂ ಹಾಲು ಹುಳಿಯಾಗಿತ್ತು. ಡೇರಿಯ ಮ್ಯಾನೇಜರು ನನ್ನನ್ನು ಕರೆಸಿ ಅವಳೆದುರಿಗೇ ಹೇಳಿದರು:

"ಮಷೀನ್ ಚೆಕ್ ಮಾಡ್ರಿ ಮೇಡಂ. ಅದು ಸರಿ ಇತ್ತಂದ್ರ ಈಕೀನ್ನ ಕೆಲಸದಿಂದ ಬಿಡಿಸೋದ."

ರೆಹಾನಾ ದುಪಟ್ಟಾದ ತುದಿಯಿಂದ, ಆಗಲೇ ಥಳಥಳ ಹೊಳೆಯುತ್ತಿದ್ದ ಟ್ಯಾಂಕಿನ ಮುಚ್ಚಳವನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು.

ನಾನು ಸೆನ್ಸರನ್ನು ಬಿಸಿನೀರಿನಲ್ಲಿ ಅದ್ದಿದೆ. ಅಂಕಿ ಏರಿತು, ಹೂಟರ್ ಕಿವಿ ಕಿತ್ತುಹೋಗುವಂತೆ ಕೂಗಿತು. ಸಾಧನ ಸರಿಯಾಗಿಯೇ ಇತ್ತು! ಮ್ಯಾನೇಜರು ರೆಹಾನಾಳ ಕಡೆ ತಿರುಗುವಷ್ಟರಲ್ಲಿ ಗೋಡೆಯಾಚೆ ಕೂಸು ಕಿಟಾರನೆ ಕಿರುಚಿತು. ಹಿಂದೆಯೇ ಮುದುಕಿಯೊಬ್ಬಳ ದನಿ:

"ಲೇ ರೆಹಾನಾ, ಅರಿವಿ ತುರುಕ ಬೇ ಅದರ ಬಾಯಾಗ! ಬಾಣಂತಿ ಮನಿ ಬಾಜೂಕ ಏನಿದು ಭೋಂಗಾ!"

ಹೂಟರಿನ ಜಾಲರಿಯನ್ನು ಬಗ್ಗಿ ನೋಡಿದೆ. ಒಂದು ಕೆಂಪು ದಾರ ಸಿಕ್ಕಿಕೊಂಡಿತ್ತು. ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ದಾರ.

ಮುದುಕಿ ಗಂಗವ್ವ ಮೊಮ್ಮಗುವನ್ನು ಎತ್ತಿಕೊಂಡು ಬಾಗಿಲಿಗೇ ಬಂದಳು. ನಮ್ಮ ಮುಖ ನೋಡಿ ಅವಳಿಗೆ ಅರ್ಥವಾಯಿತು.

"ಆಕೀದೇನೂ ತಪ್ಪಿಲ್ರಿ ಸಾಹೇಬ್ರ. ಹರಕ ಕೌದಿ ತುರುಕಿದಾಕಿ ನಾ. ನಿನ್ನಿ ಸಂಜೀಕ ತಗಿಯೂದು ಮರತೆ, ಮುಂಜಾನೆ ಬಂದ ತಗದೆ."

"ನಾನೂ ನೋಡಬೇಕಿತ್ತಲ್ರಿ, ಆಯಿ," ಎಂದಳು ರೆಹಾನಾ. "ಕೂಸು ಬೆಚ್ಚಿ ಬೀಳ್ತಿತ್ರಿ ಮೇಡಮ್ಮಾರ. ಹಾಲು ಹಾಕೂ ಹೊತ್ತಿಗೆ ಇದು ದಿನಾ ಒದರತೈತಿ."

ನಾನು ಸೆಟ್ಟಿಂಗ್ ತೆರೆದೆ. ಐದು ಡಿಗ್ರಿ ದಾಟಿದ ಕ್ಷಣವೇ ಕೂಗು ಎಂದು ಅದಕ್ಕೆ ಹೇಳಿಟ್ಟಿದ್ದರು. ಎಮ್ಮೆಯ ಕೆಚ್ಚಲಿನಿಂದ ಈಗಷ್ಟೇ ಬಂದ ಬಿಸಿ ಹಾಲು ಸುರಿದರೆ ಉಷ್ಣತೆ ಏರದೆ ಇರುತ್ತದೆಯೇ?

"ಸಾಧನ ಕೆಟ್ಟಿಲ್ಲ ಸರ್. ಹೊಂದಿಸಿದ್ದು ತಪ್ಪು."

"ಮತ್ತ ಕೌದಿ ತುರುಕಿದ್ದು?"

"ಅದೂ ತಪ್ಪೇ. ಆದ್ರ ಈ ಹೂಟರಿನಂಗ ದಿನಾ ಎರಡ ಸಲ ಸುಳ್ಳ ಹೇಳೋರ ಮಾತ ನೀವರ ಕೇಳ್ತೀರೇನ್ರಿ?"

ಮ್ಯಾನೇಜರು ಕನ್ನಡಕ ಒರೆಸಿಕೊಂಡರು. "ಒಂದ ತಿಂಗಳ ನೋಡೂಣು," ಎಂದರು.

ಎರಡು ಮೋಡ್ ಮಾಡಿದೆ. ಹಾಲು ಸುರಿಯುವಾಗ ತುಂಬುವ ಮೋಡ್: ದೀಪ ಮಾತ್ರ ಮಿನುಗುತ್ತದೆ, ಸದ್ದಿಲ್ಲ. ಆಮೇಲೆ ರೆಹಾನಾ ಮರೆತರೂ ಸಾಧನ ತಾನಾಗಿಯೇ ಕಾಯುವ ಮೋಡಿಗೆ ಬರುತ್ತದೆ. ಆಗ ಆರು ಡಿಗ್ರಿ ದಾಟಿ ಅರ್ಧ ಗಂಟೆ ಅಲ್ಲೇ ನಿಂತರೆ ಮಾತ್ರ ಹೂಟರ್. ಗಂಗವ್ವನನ್ನೂ ಕೂರಿಸಿ ಹೇಳಿದೆ: "ಇನ್ನ ಇದು ಕೂಗಿದ್ರ ಖರೇನ ಹಾಲು ಕೆಡಾಕತ್ತೈತಿ ಅಂತ ತಿಳೀರಿ."

"ನೋಡೂಣ ತಗೀರಿ," ಎಂದಳು, ನಂಬಿಕೆಯಿಲ್ಲದೆ.

ತಿಂಗಳು ತುಂಬುವ ಮೊದಲೇ ರೆಹಾನಾಳ ಫೋನ್ ಬಂತು. ಅವಳು ಊಟಕ್ಕೆ ಮನೆಗೆ ಹೋಗಿದ್ದಾಗ ಕಂಪ್ರೆಸರ್ ಮತ್ತೆ ನಿಂತಿತ್ತು. ಕೂಸನ್ನು ಎದೆಗವಚಿಕೊಂಡ ಗಂಗವ್ವ ಬರಿಗಾಲಲ್ಲಿ ಓಣಿಯುದ್ದಕ್ಕೂ ಓಡಿ ಬಂದಿದ್ದಳಂತೆ:

"ಉಣ್ಣೂದು ಬಿಟ್ಟ ಏಳ ಬೇ! ಅದು ಕೂಗಾಕತ್ತೈತಿ. ಹಾಲಿಗೆ ಏನೋ ಆಗೈತಿ!"

ಹಾಲು ಉಳಿಯಿತು, ರೆಹಾನಾಳ ಕೆಲಸವೂ ಉಳಿಯಿತು. ಅಂದಿನಿಂದ ಎಲ್ಲಿಗೆ ಹೋದರೂ, ಅಲಾರಂ ಎಷ್ಟು ಡಿಗ್ರಿಗೆ ಕೂಗಬೇಕು ಎಂದು ಕೇಳುವ ಮೊದಲು, ಗೋಡೆಯಾಚೆ ಯಾರು ಮಲಗಿದ್ದಾರೆ ಎಂದು ಕೇಳುತ್ತಿದ್ದೆ.