ಬೀರುವಿನಿಂದ ಹೊರಬಂದ ಟೆಲಿಸ್ಕೋಪು

ಮಿತ್ರರೇ, ಹಳೇಬೀಡಿನ ಹತ್ತಿರದ ನಮ್ಮ ಹೈಸ್ಕೂಲಿನ ಟೆಲಿಸ್ಕೋಪು ಮೂರು ವರ್ಷಗಳ ನಂತರ ಇವತ್ತು ಬೀರುವಿನಿಂದ ಹೊರಬಂತು. ಆಡಿಟ್ ಇತ್ತು, ಅದಕ್ಕೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ದಿನವೇ ಹೆಡ್‌ಮಾಸ್ತರರು ಅದಕ್ಕೆ ಬೀಗ ಜಡಿದಿದ್ದರು. ವಿಜ್ಞಾನದ ಮೇಷ್ಟ್ರಾದ ನಾನು ಕೇಳಿದಾಗಲೆಲ್ಲ ಒಂದೇ ಮಾತು: "ಮಕ್ಕಳ ಕೈಗೆ ಕೊಟ್ಟು ಹಾಳಾದ್ರೆ ಆಡಿಟ್‌ನೋರಿಗೆ ನೀವು ಉತ್ರ ಕೊಡ್ತೀರೇನ್ರೀ?"

ಎಂಟನೇ ತರಗತಿಯಿಂದಲೂ ಚಂದ್ರನನ್ನು ತೋರಿಸಿ ಎಂದು ದುಂಬಾಲು ಬಿದ್ದಿದ್ದ ಬಸ್ತಿಹಳ್ಳಿಯ ಸವಿತಾಳಿಗೆ ಇವತ್ತು ಶಾಲೆಯ ಕೊನೆಯ ದಿನ. ಓಡಿ ಬಂದವಳು ಟೆಲಿಸ್ಕೋಪನ್ನು ಎದುರಿನ ಗುಡ್ಡದತ್ತ ತಿರುಗಿಸಿ ಕಣ್ಣಿಟ್ಟಳು. ತುಂಬ ಹೊತ್ತು ನೋಡಿದಳು.

"ಸಾರ್, ಗುಡ್ಡಾನೇ ಕಾಣಲ್ಲ. ಬರೀ ಮಂಜು ಐತೆ."

ನಾನೂ ನೋಡಿದೆ. ಥಂಡಿಯಲ್ಲಿ ಮುಚ್ಚಿಟ್ಟಿದ್ದ ಮಸೂರದ ತುಂಬ ಬಿಳಿ ಬೂಷ್ಟು. ಒರೆಸಿದರೂ ಹೋಗಲಿಲ್ಲ.

ಕೊಳವೆಯ ಮೇಲೆ ಒಂದು ಗೀರೂ ಇಲ್ಲದ್ದನ್ನು ಕಂಡ ಆಡಿಟರ್, "ಹೊಸದ್ರ ಥರಾನೇ ಇಟ್ಕೊಂಡಿದ್ದೀರಲ್ರೀ!" ಎಂದು ಮೆಚ್ಚಿ, ರಿಜಿಸ್ಟರಿನಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಬರೆದರು. ನಾನು ಬೂಷ್ಟಿನ ಮಾತೆತ್ತಿದೆ.

"ಅದಕ್ಕೆ ಕಾಲಂ ಇಲ್ವಲ್ರೀ," ಎಂದರು.

ಹೆಡ್‌ಮಾಸ್ತರರು ಮತ್ತೆ ಬೀಗ ಹಾಕಿದರು. ಆ ರಿಜಿಸ್ಟರಿನಲ್ಲಿ 'ವಿಜ್ಞಾನ ಶಿಕ್ಷಕರು' ಎಂದಿದ್ದ ಜಾಗದಲ್ಲಿ ಸಹಿ ಹಾಕಿದವನು ನಾನೇ.