ಲೆಜಾಮನ ಸ್ಪ್ಯಾನಿಷ್

ಟ್ರಿನಿಡಾಡಿನ ಉತ್ತರದ ಗುಡ್ಡಗಳಲ್ಲಿ, ಕೋಕೋ ತೋಟಗಳ ನಡುವೆ ಇರುವ ಸಾನ್ ಹಸಿಂತೊ ಎಂಬ ಊರಿನಲ್ಲಿ ಎವರಿಸ್ಟೊ ಲೆಜಾಮನಿಗೆ ಸ್ಪ್ಯಾನಿಷ್ ಬರುತ್ತದೆ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಲೆಜಾಮನೊಬ್ಬನನ್ನು ಬಿಟ್ಟು.

ಊರಿನವರ ಮುತ್ತಜ್ಜಂದಿರು ಎದುರು ದಡದ ವೆನೆಜುವೆಲಾದಿಂದ ಕೋಕೋ ಬೆಳೆಯಲು ದೋಣಿಯಲ್ಲಿ ಬಂದವರು. ಅವರ ಮಾತು ಮೊಮ್ಮಕ್ಕಳ ಬಾಯಲ್ಲಿ ಇಂಗ್ಲಿಷಾಗಿ, ಸ್ಪ್ಯಾನಿಷ್ ಉಳಿದದ್ದು ಕ್ರಿಸ್ಮಸ್ಸಿಗೆ ಮನೆಮನೆಗೆ ಹೋಗಿ ಹಾಡುವ ಪರಾಂಗ್ ಹಾಡುಗಳಲ್ಲಿ ಮಾತ್ರ. ಲೆಜಾಮ ತನ್ನ ಅಜ್ಜನಿಂದ ನಲವತ್ತು ಪದ್ಯ ಬಾಯಿಪಾಠ ಮಾಡಿದ್ದ. ಅರ್ಥ ಕೇಳಿದರೆ ಅಜ್ಜ ತಲೆಗೆ ಮೊಟಕುತ್ತಿದ್ದನಂತೆ. ಅವನಿಗೂ ಗೊತ್ತಿರಲಿಲ್ಲವೋ ಏನೋ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಅರವತ್ತೆರಡರ ಲೆಜಾಮ ಹಾಡುತಂಡದ ಮುಖಂಡನಾಗಿದ್ದ. ಪ್ರತಿ ಮನೆಯಲ್ಲೂ ರಮ್ಮಿನ ಮೊದಲ ಗ್ಲಾಸು ಅವನಿಗೆ, ಹಂದಿಮಾಂಸದ ದಪ್ಪ ತುಂಡೂ ಅವನಿಗೆ. ಹರೆಯದವರು ಹಾಡಿನ ಅರ್ಥ ಕೇಳಿದರೆ, ಅದು ನಿಮ್ಮ ಇಂಗ್ಲಿಷಿಗೆಲ್ಲ ಇಳಿಯುವ ಮಾತಲ್ಲ ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹೆಂಡತಿ ಥೆಲ್ಮಾಳ ಬಾಯಿಯನ್ನಂತೂ "ನಿನಗೆಲ್ಲಿ ತಿಳೀಬೇಕು" ಎಂದು ಮೂವತ್ತೈದು ವರ್ಷ ಮುಚ್ಚಿಸಿದ್ದ.

ಈ ಸುಖಕ್ಕೆ ಕಲ್ಲು ಬಿದ್ದದ್ದು ನವೆಂಬರಿನಲ್ಲಿ. ವೆನೆಜುವೆಲಾದ ಯುಸ್ಮಾರಿ ಎಂಬಾಕೆ ಮೂರು ವರ್ಷದ ಮಗಳನ್ನು ಎತ್ತಿಕೊಂಡು ದೋಣಿ ಇಳಿದು ಬಂದಳು. ಅಂಗಡಿಯ ಮಿಸ್ ಎನಿಡ್ ಹಿಂದಿನ ಕೋಣೆ ಕೊಟ್ಟಳು. ಯುಸ್ಮಾರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಲೆಜಾಮನಿಗೆ ಕೊನೆಗೂ ಮಾತಿಗೊಬ್ಬರು ಸಿಕ್ಕರೆಂದು ಊರೇ ಖುಷಿಪಟ್ಟು ಅವನನ್ನು ಎಳೆದು ತಂದಿತು. ಅವಳು ಹತ್ತು ನಿಮಿಷ ಮಾತಾಡಿದಳು, ಅವನು ತಲೆಯಾಡಿಸಿದ. ಆಮೇಲೆ, "ಪಾಪ, ಕಲಬೆರಕೆ ಸ್ಪ್ಯಾನಿಷ್. ನಮ್ಮದು ಹಳೇ ಕಾಲದ್ದು ನೋಡಿ" ಎಂದ. ಜನ ನಂಬಿದರು. ಆದರೆ ಅವಳ ಹುಬ್ಬು ಮೇಲೇರಿದ್ದನ್ನು ಅವನು ಕಂಡಿದ್ದ. ಅಂದಿನಿಂದ ಅಂಗಡಿಯ ಮುಂದಿನ ದಾರಿ ಬಿಟ್ಟು ತೋಟ ಸುತ್ತಿಕೊಂಡು ಓಡಾಡತೊಡಗಿದ. ಇವಳು ನಾಲ್ಕು ಇಂಗ್ಲಿಷ್ ಮಾತು ಕಲಿತರೆ ತನ್ನ ಬಣ್ಣ ಬಯಲು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಡಿಸೆಂಬರಿನಲ್ಲಿ ಮಿಸ್ ಎನಿಡ್ ಅವನನ್ನು ಕರೆಸಿದಳು. ಹಬ್ಬ ಕಳೆದ ಮೇಲೂ ಯುಸ್ಮಾರಿ ಇಲ್ಲೇ ಇರುತ್ತಾಳೋ ಹೇಗೆ, ಕೇಳಿ ಹೇಳು ಎಂದಳು. ಲೆಜಾಮ ಕೈಸನ್ನೆ ಮಾಡಿ ಏನೋ ಗೊಣಗಿದ. ಯುಸ್ಮಾರಿ ಮಗುವನ್ನು ಅಪ್ಪಿಕೊಂಡು, ಕಣ್ಣೊರೆಸಿಕೊಳ್ಳುತ್ತ ಬಹಳ ಹೊತ್ತು ಹೇಳಿಕೊಂಡಳು. ಅವನಿಗೆ ತಿಳಿದದ್ದು ಹಾಡುಗಳಲ್ಲಿ ಬರುವ ಕ್ರಿಸ್ಮಸ್ ಎಂಬ ಒಂದೇ ಮಾತು.

"ಇವಳ ಅಕ್ಕ ಅರೀಮಾ ಪೇಟೆಯಲ್ಲಿದ್ದಾಳಂತೆ," ಎಂದ ಮಹಾನುಭಾವ. "ಭಾನುವಾರ ಹೊರಡ್ತಾಳಂತೆ. ನಿಮ್ಮ ಉಪಕಾರ ಮರೆಯಲ್ಲ ಅಂತಿದ್ದಾಳೆ."

ಮೊದಲೇ ಹೇಳಲಿಲ್ಲವಲ್ಲ ಎಂದು ಎನಿಡ್‌ಗೆ ಬೇಜಾರಾಯಿತು. ಭಾನುವಾರ ಬೆಳಿಗ್ಗೆ ಯುಸ್ಮಾರಿಯ ಚೀಲವನ್ನು ತಾನೇ ಮೆಟ್ಟಿಲ ಮೇಲೆ ತಂದಿಟ್ಟು, ದಾರಿಗೆಂದು ಬ್ರೆಡ್ಡನ್ನೂ ಕಟ್ಟಿಕೊಟ್ಟಳು. ಚರ್ಚಿನಿಂದ ಬರುತ್ತಿದ್ದ ಥೆಲ್ಮಾಳ ಕಣ್ಣಿಗೆ ಬಿದ್ದದ್ದು ರಸ್ತೆಬದಿಯಲ್ಲಿ ಮಗುವಿನೊಂದಿಗೆ ಕೂತು ಅಳುತ್ತಿದ್ದ ಹೆಂಗಸು. ಮಾತು ತಿಳಿಯದಿದ್ದರೂ ಅಳು ತಿಳಿಯಿತು. ಕೈ ಹಿಡಿದು ಮನೆಗೆ ಕರೆತಂದಳು. ಲೆಜಾಮನಿಗೆ ಗಂಟಲಲ್ಲಿ ಬಿಸಿತುಪ್ಪ. ತಾನು ಓಡಿಸಿದವಳು ತನ್ನ ಅಡುಗೆಮನೆಯಲ್ಲೇ ಬಂದು ಕೂತಿದ್ದಳು.

ಎರಡು ವಾರ ಆ ಇಬ್ಬರು ಹೆಂಗಸರು ಜೋಳದ ಹಿಟ್ಟು ಕಲಸಿದರು, ಮಾಂಸ ತುಂಬಿ ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿದರು. ಪಾತ್ರೆ ತೋರಿಸಿ ಒಂದು ಮಾತು, ಮಗು ಹಟ ಮಾಡಿದರೆ ಇನ್ನೊಂದು. ಹೀಗೆ ಗಂಡ ಅರವತ್ತು ವರ್ಷದಲ್ಲಿ ಕಲಿಯದ್ದನ್ನು ಹೆಂಡತಿ ಹದಿನಾಲ್ಕು ದಿನದಲ್ಲಿ ಕಲಿತಳು. ಅರೀಮಾದಲ್ಲಿ ಅಕ್ಕನೂ ಇಲ್ಲ, ತಂಗಿಯೂ ಇಲ್ಲ ಎಂಬುದು ತಿಳಿಯಿತು. ಥೆಲ್ಮಾ ಗಂಡನಿಗೆ ಏನೂ ಹೇಳಲಿಲ್ಲ. ಅವಳ ಮೌನ ಅವನಿಗೆ ಎಂದಿನಂತೆ ಹಾಯಾಗಿಯೇ ಇತ್ತು.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಪರಾಂಗ್ ಶುರುವಾಗುವುದು ಮುಖಂಡನ ಮನೆಬಾಗಿಲಲ್ಲೇ. ಬಾಗಿಲು ಮುಚ್ಚಿರುತ್ತದೆ, ತಂಡ ಹೊರಗೆ ನಿಂತು ಹಾಡುತ್ತದೆ. ಒಳಗಿನಿಂದ ಯಾರಾದರೂ ಪದ್ಯ ಎಸೆದರೆ ಮುಖಂಡ ಪದ್ಯದಲ್ಲೇ ಉತ್ತರ ಕೊಡಬೇಕು, ಆಮೇಲೆಯೇ ಅಗುಳಿ ತೆಗೆಯುವುದು. ಇಪ್ಪತ್ತು ವರ್ಷದಿಂದ ಯಾರೂ ಎಸೆದಿರಲಿಲ್ಲ. ಎಸೆಯಲು ಯಾರಿಗೆ ಬರುತ್ತಿತ್ತು?

ಅಂದು ಒಳಗಿನಿಂದ ಯುಸ್ಮಾರಿಯ ದನಿ ಎದ್ದಿತು. ನಾಲ್ಕೇ ಸಾಲು, ನಿಧಾನವಾಗಿ. ಲೆಜಾಮನಿಗೆ ಒಂದಕ್ಷರವೂ ತಿಳಿಯಲಿಲ್ಲ. ನಲವತ್ತರಲ್ಲಿ ಯಾವುದು ಬಾಯಿಗೆ ಬಂತೋ ಅದನ್ನೇ ಎದೆಯ ಮೇಲೆ ಕೈಯಿಟ್ಟು ಹಾಡಿಬಿಟ್ಟ. ತಂಡದವರು ಚಪ್ಪಾಳೆ ತಟ್ಟಿದರು. ತಂತಿವಾದ್ಯದವನು, ಎಂಥಾ ಉತ್ತರ ಅಂಕಲ್, ಎಂದು ಕಣ್ಣೊರೆಸಿಕೊಂಡ.

ಒಳಗೆ ಇಬ್ಬರು ಹೆಂಗಸರೂ ಪಿಸುಗುಟ್ಟುವುದು ಕೇಳಿಸಿತು. ಆಮೇಲೆ ಥೆಲ್ಮಾಳ ದನಿ, ಊರಿಗೆಲ್ಲ ತಿಳಿಯುವ ಮಾತಿನಲ್ಲಿ.

"'ನಾನು ಹೊರಡ್ತೀನಿ ಅಂತ ಯಾವಾಗ ಹೇಳಿದ್ದೆ' ಅಂತ ಕೇಳಿದ್ದು ಈ ಹುಡುಗಿ. ಅದಕ್ಕೆ ನೀನು, ಹೊಟ್ಟೆ ತುಂಬ್ತು, ಹೋಗಿಬರ್ತೀವಿ, ಬರೋ ವರ್ಷ ಸಿಗೋಣ ಅಂದೆ. ಆಯ್ತು. ಹೋಗಿ ಬಾ."

ತಂಡದವರು ಮುಖಂಡನ ಮುಖ ನೋಡಿದರು. ಅಗುಳಿ ಸರಿಯಲಿಲ್ಲ.